ಕೆಂಪು ದೀಪವೂ ಪಕ್ಕದ ಸೀಟೂ

"ಮೆಕ್ಯಾನಿಕ್ ಯಾಕೆ? ನಾನೇನು ಸತ್ತಿದ್ದೀನಾ?"

ಭಾನುವಾರ ಬೆಳಗ್ಗೆ ಕಟ್ಟಡದ ಪಾರ್ಕಿಂಗಿನಲ್ಲಿ ನಿಂತು ಹೀಗೆ ಘರ್ಜಿಸಿದವನು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಸವೆಸಿದ ಮಹಾನುಭಾವ. ಮನುಷ್ಯನ ಒಳಗೆ ಏನು ಮುರಿದಿದೆ ಎಂದು ಹೊರಗಿನಿಂದಲೇ ಹೇಳಬಲ್ಲೆ ಎಂಬ ಹಮ್ಮು ಅವನದು. ಅಂಥವನಿಗೆ ಹದಿನಾರು ವರ್ಷದ ಹಳೇ ಕಾರೊಂದು ದೀಪ ತೋರಿಸಿ ಹೆದರಿಸುವುದೆಂದರೇನು!

ದೀಪ ಮೊದಲು ಕಂಡದ್ದು ಹೆಂಡತಿಗೆ. ಪ್ರಾಥಮಿಕ ಶಾಲೆಯ ಟೀಚರಾದ ಅವಳೇ ದಿನಾ ಆ ಕಾರು ಓಡಿಸುವವಳು. ಗಂಡನಿಗೆ ಆಸ್ಪತ್ರೆ ಕಾಲ್ನಡಿಗೆಯ ದೂರ. ಸ್ಟೀರಿಂಗ್ ಹಿಂದಿನ ಫಲಕದಲ್ಲಿ ಕೆಂಪಗೆ ಒಂದು ಚಿತ್ರ ಉರಿಯುತ್ತಿತ್ತು: ಕೂತ ಮನುಷ್ಯ, ಅವನ ಮುಂದೆ ಗುಂಡಗೆ ಒಂದು ಚೆಂಡು.

"ಇದೇನ್ರೀ ಇದು?"

ಪಕ್ಕದಲ್ಲಿ ಕೂತಿದ್ದ ಗಂಡ ಕಣ್ಣು ಕಿರಿದು ಮಾಡಿ ನೋಡಿದ. "ಹೊಟ್ಟೆ ಬಂದ ಮನುಷ್ಯ. ಅಂದ್ರೆ ಗಾಡೀಲಿ ಭಾರ ಜಾಸ್ತಿಯಾಗಿದೆ."

"ಹಾಗಾದ್ರೆ ನೀವು ಇಳೀರಿ, ಆರುತ್ತಾ ನೋಡೋಣ."

ಇಳಿದ. ಆರಲಿಲ್ಲ.

ಕೈಪಿಡಿ ತೆಗೆದು ನೋಡಿದರೆ ಅದು ಏರ್‌ಬ್ಯಾಗಿನ ದೀಪ. ಡಿಕ್ಕಿಯಾದಾಗ ಉಬ್ಬಿ ಪ್ರಾಣ ಉಳಿಸಬೇಕಾದ ಚೀಲ ಈಗ ಉಬ್ಬುತ್ತದೋ ಇಲ್ಲವೋ ಹೇಳಲಾಗದು ಎಂದು ಅದರಲ್ಲಿ ಬರೆದಿತ್ತು. "ನಾಳೆ ಇದರಲ್ಲೇ ಸ್ಕೂಲಿಗೆ ಹೋಗ್ಬೇಕು. ಮೆಕ್ಯಾನಿಕ್‌ನ ಕರೀರಿ" ಎಂದಳು ಹೆಂಡತಿ. ಆಗ ಹೊರಟದ್ದೇ ಆ ಘರ್ಜನೆ.

"ನೋಡು, ಚೀಲ ಸರಿಯಾಗೇ ಇದೆ. ದೀಪಕ್ಕೆ ತಲೆ ಕೆಟ್ಟಿದೆ ಅಷ್ಟೆ. ಬ್ಯಾಟರಿ ಬಿಚ್ಚಿ ಹತ್ತು ನಿಮಿಷ ಬಿಟ್ರೆ ಎಲ್ಲ ಮರೆತುಬಿಡುತ್ತೆ" ಎಂದು ಸ್ಪ್ಯಾನರ್ ಹಿಡಿದ. ಹಿಡಿದವನು ಬ್ಯಾಟರಿ ಎಂದರೇನು, ಅದರೊಳಗೇನಿದೆ, ಅದು ಯಾಕೆ ಹಾಳಾಗುತ್ತದೆ ಎಂದು ವಿವರಿಸತೊಡಗಿದ. ಹೆಂಡತಿ ಮಕ್ಕಳ ನೋಟ್‌ಬುಕ್ ತಿದ್ದಬೇಕು ಎಂದು ಮೆಲ್ಲಗೆ ಮೇಲೆ ಹೋದಳು.

ಕಾರು ನಿಜಕ್ಕೂ ಎಲ್ಲ ಮರೆಯಿತು! ಗಂಟೆ ಮರೆಯಿತು, ರೇಡಿಯೊ ತನ್ನ ಗುಪ್ತಸಂಖ್ಯೆ ಹೇಳೆಂದು ಹಟ ಹಿಡಿಯಿತು, ಯಜಮಾನ ಯಾರೆಂಬುದೂ ಅದಕ್ಕೆ ಮರೆತುಹೋಯಿತು. ಬ್ಯಾಟರಿಯ ತಂತಿ ಮತ್ತೆ ಸಿಕ್ಕಿಸಿದ್ದೇ ತಡ, ಕಳ್ಳರ ಅಲಾರಂ ಬೀದಿ ಕಿತ್ತುಹೋಗುವ ಹಾಗೆ ಕಿರುಚಿಕೊಂಡಿತು. ಮರೆಯದೆ ಉಳಿದದ್ದು ಆ ಕೆಂಪು ದೀಪ ಒಂದೇ.

ಅಲಾರಂ ನಿಲ್ಲಿಸಲು ಕೈಗೆ ಸಿಕ್ಕ ಫ್ಯೂಸನ್ನೆಲ್ಲ ಕಿತ್ತ. ಒಂದಕ್ಕೆ ಒಳಗಿನ ಲೈಟು ಹೋಯಿತು. ಇನ್ನೊಂದಕ್ಕೆ ಕಿಟಕಿಯ ಗಾಜು ಅರ್ಧಕ್ಕೇ ನಿಂತಿತು. ನಾಲ್ಕನೆಯದಕ್ಕೆ ಅಲಾರಂ ನಿಂತಿತು, ಜೊತೆಗೆ ಹಾರನ್ನೂ ಹೋಗಿ ಗಾಡಿ ಪೂರ್ತಿ ಮೂಕವಾಯಿತು.

ಎರಡನೇ ಮಹಡಿಯ ಅಜ್ಜಿ ಬಾಲ್ಕನಿಯಿಂದ ಕತ್ತೆತ್ತಿ ಮೇಲಿನ ಕಿಟಕಿಗೆ ಕೂಗಿದರು: "ಕಳ್ಳ ಸಿಕ್ಕಿದ್ನೇನಮ್ಮಾ?"

"ಸಿಕ್ಕಿದ್ದಾರೆ ಅಜ್ಜಿ, ನಮ್ಮನೆಯವರೇ!" ಎಂದಳು ಹೆಂಡತಿ ಕಿಟಕಿಯಿಂದ. ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ ಬಂದ. ಅವನಿಗೆ ಫೋನ್ ಮಾಡಿದವಳೂ ಅವಳೇ.

ಮೆಕ್ಯಾನಿಕ್ ಮಾತು ಕಮ್ಮಿಯ ಮನುಷ್ಯ. ಬಿಚ್ಚಿದ ಫ್ಯೂಸುಗಳನ್ನು ಮೊದಲು ಅವುಗಳ ಜಾಗಕ್ಕೆ ಸೇರಿಸಿದ. ಅಂಗೈಯಗಲದ ಯಂತ್ರವೊಂದನ್ನು ಸ್ಟೀರಿಂಗ್ ಕೆಳಗೆ ಚುಚ್ಚಿ ಓದಿದ. ಆಮೇಲೆ ಚಾಲಕನ ಪಕ್ಕದ ಸೀಟಿನ ಅಡಿಗೆ ಟಾರ್ಚ್ ಬಿಟ್ಟ.

"ಇಲ್ಲಿದೆ ನೋಡಿ ಸಾರ್. ಏರ್‌ಬ್ಯಾಗಿನ ವೈರು ಸೇರೋ ಕೊಂಡಿ ಸಡಿಲ ಆಗಿದೆ. ಸೀಟು ಹಿಂದಕ್ಕೂ ಮುಂದಕ್ಕೂ ತಳ್ಳಿ ತಳ್ಳಿ ಹೀಗಾಗಿರೋದು. ಯಾರೋ ದಿನಾ ಪೂರ್ತಿ ಹಿಂದಕ್ಕೆ ಹಾಕಿ ಮಲಗ್ತಾರೆ."

"ಸಾಧ್ಯಾನೇ ಇಲ್ಲ! ನನ್ನ ಹೆಂಡತಿ ಒಬ್ಬಳೇ ಹೋಗಿಬರೋದು. ನಾನು ಅಲ್ಲಿ ಕೂರೋದು ವಾರಕ್ಕೊಂದ್ಸಲ."

ಮೆಕ್ಯಾನಿಕ್ ಅವನ ಮುಖ ನೋಡಿದ, ಕೆಮ್ಮಿದ, ಮತ್ತೆ ಸೀಟಿನಡಿಗೆ ತಲೆ ಹಾಕಿದ. ಸಂಸಾರಸ್ಥರ ಕಾರು ರಿಪೇರಿ ಮಾಡಿ ಅವನಿಗೆ ರೂಢಿಯಿತ್ತು.

ಮೂರು ಮಹಡಿಯ ಮೆಟ್ಟಿಲು ಗಂಡನಿಗೆ ಅಂದು ಮೂವತ್ತು ಮಹಡಿಯಷ್ಟಾದವು. ಹೆಂಡತಿ ಒಬ್ಬಳೇ ಓಡಾಡುವ ಕಾರು. ಪಕ್ಕದ ಸೀಟಿನಲ್ಲಿ ದಿನಾ ಮಲಗುವವರು ಯಾರು? ಅವಳು ನೋಟ್‌ಬುಕ್ಕುಗಳ ರಾಶಿಯ ಹಿಂದೆ ಕೆಂಪು ಪೆನ್ನು ಹಿಡಿದು ಕೂತಿದ್ದಳು.

"ಆ ಸೀಟಲ್ಲಿ ಯಾರು ಮಲಗೋದು?"

ಅವಳು ಪೆನ್ನು ಕೆಳಗಿಟ್ಟಳು. "ನಾನೇ."

"ಓಡಿಸೋದೂ ನೀನೇ, ಪಕ್ಕದಲ್ಲಿ ಮಲಗೋದೂ ನೀನೇನಾ!"

"ಓಡಿಸಿ ಬಂದ ಮೇಲೆ. ಕೆಳಗೆ ಗಾಡಿ ನಿಲ್ಲಿಸಿ, ಆ ಕಡೆ ಹೋಗಿ, ಸೀಟು ಹಿಂದಕ್ಕೆ ಹಾಕಿ ಒಂದರ್ಧ ಗಂಟೆ ಇರ್ತೀನಿ. ಆಮೇಲೆ ಮೇಲೆ ಬರೋದು."

"ಮನೇಲಿ ಮಂಚ ಇಲ್ವಾ?"

"ಮಂಚ ಇದೆ." ಅವಳು ಮುಂದಿನ ನೋಟ್‌ಬುಕ್ಕನ್ನು ಪಕ್ಕಕ್ಕೆ ಸರಿಸಿದಳು. "ಸ್ಕೂಲಲ್ಲಿ ನಲವತ್ತೆರಡು ಮಕ್ಕಳು 'ಮಿಸ್, ಮಿಸ್' ಅಂತ ಒಂದೇ ಸಮ ಮಾತಾಡ್ತಿರ್ತಾವೆ. ಮನೆಗೆ ಬಂದ್ರೆ ನಲವತ್ತಮೂರನೆಯವರು ಬಾಗಿಲಲ್ಲೇ ಕಾಯ್ತಿರ್ತಾರೆ."

ಗಂಡ ಬಾಯಿ ತೆರೆದ. ನಾಲ್ಕು ಸಮಜಾಯಿಷಿಗಳೂ ಒಂದು ಸಲಹೆಯೂ ನಾಲಿಗೆ ತುದಿಗೆ ಬಂದು ನಿಂತಿದ್ದವು. ಎರಡು ಗಂಟೆಗೆಲ್ಲ ಅವನ ಪಾಳಿ ಮುಗಿಯುತ್ತಿತ್ತು. ಅಲ್ಲಿಂದ ನಾಲ್ಕೂವರೆಯವರೆಗೆ ಖಾಲಿ ಮನೆಯಲ್ಲಿ ಅಂದಿನ ಮಾತನ್ನೆಲ್ಲ ಕೂಡಿಟ್ಟುಕೊಂಡು, ಅವಳು ಚಪ್ಪಲಿ ಬಿಡುವ ಮೊದಲೇ ಸುರಿಯುತ್ತಿದ್ದ. ಅವಳಿಗೂ ಅದು ಇಷ್ಟವೆಂದೇ ತಿಳಿದಿದ್ದ.

"ಬೇಜಾರಾಯ್ತಾ?" ಎಂದಳು ಅವಳು. "ನಿಮ್ಮ ಮಾತು ಬೇಡ ಅಂತಲ್ಲ ರೀ. ಕೇಳಿಸ್ಕೊಳ್ಳೋಕೆ ಸ್ವಲ್ಪ ಶಕ್ತಿ ಬೇಕು. ಅದನ್ನ ತುಂಬ್ಕೊಂಡು ಬರ್ತೀನಿ ಅಷ್ಟೆ."

ಅವನು ಕೆಳಗಿಳಿದು ಹೋಗಿ ಮೆಕ್ಯಾನಿಕ್‌ಗೆ ಒಂದೇ ಮಾತು ಹೇಳಿದ: "ಸೀಟು ಎಷ್ಟು ಹಿಂದಕ್ಕೆ ಹೋದ್ರೂ ಬಿಚ್ಚಿಕೊಳ್ಳಬಾರದು, ಹಾಗೆ ಕಟ್ಟಿಬಿಡಪ್ಪ."

ಸೋಮವಾರ ನಾಲ್ಕಕ್ಕೆ ಕಾರು ಬಂದು ನಿಂತದ್ದು ಅವನಿಗೆ ಕಿಟಕಿಯಿಂದ ಕಂಡಿತು. ಕಾಲು ಗಂಟೆ ಕೂತ. ರೇಡಿಯೊದ ಗುಪ್ತಸಂಖ್ಯೆ ಸಿಕ್ಕಿತ್ತು; ಇದನ್ನಾದರೂ ತುರ್ತಾಗಿ ಹೇಳಬೇಡವೇ! ಚೀಟಿ ಹಿಡಿದು ಧಡಧಡ ಇಳಿದ. ಕಾರಿನ ಬಳಿ ಹೋಗಿ ಗಾಜು ತಟ್ಟಲು ಕೈ ಎತ್ತಿದ.

ಅವಳು ಕಣ್ಣು ಮುಚ್ಚಿ ಮಲಗಿದ್ದಳು. ತೋಳಿನ ಮೇಲೆ ಸೀಮೆಸುಣ್ಣದ ಪುಡಿಯಿತ್ತು. ಹುಬ್ಬಿನ ನಡುವೆ ಅವನು ಯಾವತ್ತೂ ಗಮನಿಸದ ಒಂದು ಗೆರೆಯಿತ್ತು. ಎತ್ತಿದ ಕೈ ಇಳಿಸಿ, ಕಳ್ಳಹೆಜ್ಜೆ ಇಟ್ಟು ಹಿಂದಿರುಗಿದ. ಮೇಲೆ ಬಂದು ಕೂತವನಿಗೆ ತನ್ನ ಔದಾರ್ಯಕ್ಕೆ ತನಗೇ ಕಣ್ಣು ತುಂಬಿ ಬಂತು!

ಐದೂವರೆಗೆ ಅವಳು ಮೇಲೆ ಬಂದಳು.

"ಕೆಳಗೆ ಬಂದಿದ್ರಲ್ವಾ?"

"ನಿದ್ದೆ ಮಾಡ್ತಿದ್ದೆಯಲ್ಲ, ನಿನಗೆ ಹೇಗೆ ಗೊತ್ತಾಯ್ತು?"

"ನಿದ್ದೆ ಎಲ್ಲಿ? ನೀವು ಬರೋದು ನೋಡೇ ಕಣ್ಣು ಮುಚ್ಚಿದ್ದು." ಅವಳು ಅವನ ಪಕ್ಕದಲ್ಲಿ ಬಂದು ಕೂತಳು. "ತಟ್ಟದೆ ಹೋದ್ರಲ್ಲ, ಆಮೇಲೆ ನಿಜವಾಗ್ಲೂ ನಿದ್ದೆ ಬಂತು."