ಮಾವನಿಗೊಂದು ಮಹಡಿ ರೂಮು

ಮನೆ ಕಟ್ಟಿ ನೋಡು ಎಂದ ಹಿರಿಯರು, ಕಟ್ಟಿದ ಮನೆಗೆ ಎರಡು ರೂಮು ಸೇರಿಸಿ ನೋಡು ಎಂದು ಹೇಳಲಿಲ್ಲ. ಸೇರಿಸಿದವರಲ್ಲಿ ಗಾದೆ ಕಟ್ಟುವಷ್ಟು ಸಮಾಧಾನ ಉಳಿದಿರಲಿಲ್ಲವೇನೋ. ಈ ಕೆಲಸದಲ್ಲಿ ದಿನಕ್ಕೊಂದು ಪ್ರಸಂಗ ನಡೆಯುತ್ತದೆ. ನಡೆಯದ ದಿನ ಮೇಸ್ತ್ರಿ ಬಂದಿರುವುದಿಲ್ಲ, ಅಷ್ಟೆ.

ನಾನು ಬಂಗಾರಪೇಟೆಯ ಕಾಲೇಜೊಂದರಲ್ಲಿ ಭೂಗೋಳದ ಮೇಷ್ಟ್ರು. ನಮ್ಮದು ಒಂದೇ ಅಂತಸ್ತಿನ ಮನೆ. ಹೆಂಡತಿಯ ತಂದೆ ಕೆಜಿಎಫ್‌ನಲ್ಲಿ, ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಸಾಲಿನ ಎರಡು ರೂಮಿನ ಲೈನ್ ಮನೆಯಲ್ಲಿ, ಅವಳ ತಮ್ಮನ ಸಂಸಾರದ ಜೊತೆ ಇದ್ದರು. ಒಟ್ಟು ಏಳು ಜನ. ಇಲ್ಲಿಗೆ ಬಂದುಬಿಡಿ ಎಂದು ಮಗಳು ಕರೆಯಲು ಶುರುಮಾಡಿ ಎಷ್ಟೋ ವರ್ಷವಾಗಿತ್ತು. ಒಂದು ಭಾನುವಾರ ಮಾವ ಊಟ ಮಾಡಿ ಕೈ ಒರೆಸಿಕೊಳ್ಳುತ್ತಾ ಷರತ್ತು ಹೇಳಿದರು.

"ಸರ್ವೀಸೆಲ್ಲಾ ನೆಲದ ಕೆಳಗೇ ಕಳೆದೆ ಅಳಿಯಂದ್ರೇ. ಇನ್ನು ಕೆಳಗಿನ ರೂಮು ಬ್ಯಾಡ. ಮಹಡಿ ಮೇಲೆ ಒಂದು ರೂಮು, ಅದಕ್ಕೊಂದು ಕಿಟಕಿ. ಇದ್ರೆ ಬತ್ತೀನಿ. ಇಲ್ದಿದ್ರೆ ನಂಗೆ ನಮ್ಮ ಲೈನೇ ವಾಸಿ."

ಹೆಂಡತಿ ನನ್ನ ಮುಖ ನೋಡಿದಳು. ಮನೆಯ ಪಕ್ಕದ ಖಾಲಿ ಜಾಗದಲ್ಲಿ ಕೆಳಗೊಂದು ಅಡಿಗೆಮನೆ, ಮೇಲೊಂದು ರೂಮು ಎಂದು ಅಲ್ಲೇ ತೀರ್ಮಾನವಾಯಿತು. ಇಂಜಿನಿಯರ್ ಯಾಕೆ, ನಾನೇ ನಕ್ಷೆ ಬರೆಯುತ್ತೇನೆ ಎಂದೆ. ನನ್ನ ಜೀವನದಲ್ಲಿ ಹಿಂತೆಗೆದುಕೊಳ್ಳಲು ಬಯಸುವ ವಾಕ್ಯಗಳು ಕೆಲವಿವೆ. ಇದು ಮೊದಲನೆಯದು.

ಗೀಟು

ನಕ್ಷೆ ಬರೆಯುವುದು ನನಗೆ ಹೊಸದಲ್ಲ. ದೇಶದೇಶಗಳ ನಕ್ಷೆಯನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಗ್ರಾಫ್ ಹಾಳೆ ತಂದು, ಜಾಗ ಅಳೆದು, ಹತ್ತಡಿ ಅಗಲದ ರೂಮು, ಪಕ್ಕದಲ್ಲಿ ಮೆಟ್ಟಿಲು, ಎಲ್ಲವನ್ನೂ ಸೂಜಿಮೊನೆಯ ಪೆನ್ಸಿಲ್‌ನಲ್ಲಿ ಗೆರೆ ಹೊಡೆದೆ. ಒಂದಿಂಚೂ ವ್ಯರ್ಥವಾಗಿರಲಿಲ್ಲ.

ಮೇಸ್ತ್ರಿ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ.

"ಚೆನ್ನಾಗೈತೆ ಸಾರ್. ಗೋಡೆ ಎಲ್ಲಿ?"

"ಅದೇ, ಗೆರೆ ಎಳೆದಿದ್ದೇನಲ್ಲ."

"ಇದು ಗೀಟು ಸಾರ್."

"ಗೀಟೇ ಗೋಡೆ."

"ಗೀಟಿನ ಮೇಲೆ ಮೋಲ್ಡ್ ನಿಲ್ಲಲ್ಲ ಸಾರ್. ಗೋಡೆ ಅಂದ್ರೆ ಒಂಬತ್ತಿಂಚು. ಆ ಕಡೆ ಒಂಬತ್ತು, ಈ ಕಡೆ ಒಂಬತ್ತು."

ದೇಶಗಳ ಗಡಿಗೆ ದಪ್ಪವಿರುವುದಿಲ್ಲ. ಮನೆಗೆ ಇರುತ್ತದೆ ಎಂಬುದು ನನಗೆ ಆ ದಿನ ತಿಳಿಯಿತು. ಮೇಸ್ತ್ರಿ ಸುಣ್ಣದ ಪುಡಿ ತಂದು ನೆಲದ ಮೇಲೆ ನಿಜವಾದ ಅಳತೆಯ ಗೋಡೆಗಳನ್ನು ಎಳೆದ. ಹತ್ತಡಿ ರೂಮು ಎಂಟೂವರೆಗೆ ಬಂತು. ಉದ್ದದಲ್ಲೂ ಹಾಗೇ. ಈಗ ರೂಮು ಇನ್ನೂ ಚಿಕ್ಕದಾಗಬೇಕು, ಇಲ್ಲವೇ ಮೆಟ್ಟಿಲು ಕಡಿದಾಗಬೇಕು ಎಂದ.

"ಅಪ್ಪನ ಮಂಡಿ ನೋಡ್ಕೊಂಡು ಮೆಟ್ಟಿಲು ಹಾಕ್ಸಿ ರೀ," ಎಂದಳು ಹೆಂಡತಿ.

"ಮನುಷ್ಯ ಬಾಳುವುದು ರೂಮಿನಲ್ಲಿ, ಮೆಟ್ಟಿಲ ಮೇಲಲ್ಲ," ಎಂದೆ. ಕೇಳಲು ಚೆನ್ನಾಗಿತ್ತು. ಇಪ್ಪತ್ತು ಮೆಟ್ಟಿಲು ಬೇಕಿದ್ದ ಕಡೆ ಹದಿಮೂರಾಯಿತು. ಒಂದೊಂದು ಹತ್ತಿಂಚು ಎತ್ತರ.

ಮೇಸ್ತ್ರಿ ಹೊರಡುವಾಗ ನಕ್ಷೆಯನ್ನು ಮಡಿಸಿ ನನ್ನ ಕೈಗೇ ಕೊಟ್ಟ. "ಇದನ್ನ ಫ್ರೇಮ್ ಆಕಿಸಿ ಒಳಗೆ ಇಟ್ಕೊಳ್ಳಿ ಸಾರ್. ನಾನು ಬೇರೆ ಕಟ್ಟಿ ಕೊಡ್ತೀನಿ."

ಈಶಾನ್ಯ ಮೂಲೆ

ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ನೆಲದ ಮೇಲಿನ ಸುಣ್ಣದ ಗೆರೆ ನೋಡಿ ಅವರು ಕಾಂಪೌಂಡಿನ ಮೇಲಿಂದ ಬಗ್ಗಿದರು.

"ಮೇಷ್ಟ್ರೇ, ಮೆಟ್ಟಿಲು ಈಶಾನ್ಯ ಮೂಲೇಲಿ ಬ್ಯಾಡಿ. ಮನೆ ಇಂದ್ಗಡೆ ಅಷ್ಟು ಜಾಗ ಖಾಲಿ ಬಿದ್ದೈತಲ್ಲ, ಅಲ್ಲಿಗೆ ಆಕ್ಕೊಳ್ಳಿ."

"ಯಾಕೆ?"

"ವಾಸ್ತು."

ಅವರು ಬೇರೆ ಯಾವ ಕಾರಣ ಕೊಟ್ಟಿದ್ದರೂ ಯೋಚಿಸುತ್ತಿದ್ದೆ. ಜಾಗ ಹೆಚ್ಚಿದೆ ಎಂದಿದ್ದರೆ ಸಾಕಿತ್ತು. ವಾಸ್ತು ಎಂದ ಮೇಲೆ ನನ್ನ ಎರಡು ಡಿಗ್ರಿಗಳೂ ಎದ್ದು ನಿಂತವು. ಮೆಟ್ಟಿಲು ಇದ್ದಲ್ಲೇ ಇರಲಿ ಎಂದು ಮೇಸ್ತ್ರಿಗೆ ಗಟ್ಟಿಯಾಗಿಯೇ ಹೇಳಿದೆ, ಅವರಿಗೂ ಕೇಳಿಸಲಿ ಎಂದು.

ಕಾರ್ತಿಕದಲ್ಲಿ ಮಳೆ ಹಿಡಿಯಿತು. ಗಾಳಿ ಸಮೇತ ನೇರ ಆ ಮೂಲೆಗೇ ಹೊಡೆಯಿತು. ಹಸಿ ಮೆಟ್ಟಿಲಿನ ಸಿಮೆಂಟು ತೊಳೆದುಹೋಗಿ ಜಲ್ಲಿ ಹಲ್ಲು ಕಿರಿಯಿತು. ಎರಡು ಸಲ ಹೊಸದಾಗಿ ಗಾರೆ ಮಾಡಿಸಿದೆವು. ಎರಡನೆಯ ಸಲ ಪಕ್ಕದ ಮನೆಯವರು ಛತ್ರಿ ಹಿಡಿದು ಬಂದು ನಿಂತರು. ವಾಸ್ತುವಿನ ಮಾತೇ ಎತ್ತಲಿಲ್ಲ.

"ಮಳೆ ಆ ಕಡೆಯಿಂದ ಯಾಕೆ ಬತ್ತೈತೆ ಮೇಷ್ಟ್ರೇ?"

"ಈಶಾನ್ಯ ಮಾರುತ," ಎಂದೆ. ಇಪ್ಪತ್ತು ವರ್ಷದಿಂದ ಅದನ್ನೇ ಪಾಠ ಮಾಡುತ್ತಿದ್ದೇನೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳುತ್ತೇನೆ.

ಐದಡಿ

ಮೆಟ್ಟಿಲಿಗೂ ಮೊದಲು, ಪಾಯ ತೋಡಲು ಮಾವ ತಮ್ಮ ಹಳೆಯ ಜೊತೆಗಾರರಿಬ್ಬರನ್ನು ಕೆಜಿಎಫ್ ಪಕ್ಕದ ಉರಿಗಾಂನಿಂದ ಕಳಿಸಿದ್ದರು. ಇಬ್ಬರೂ ಗಣಿಯಲ್ಲಿ ದುಡಿದವರು, ಇಬ್ಬರಿಗೂ ತಲೆ ನೆರೆತಿತ್ತು, ಇಬ್ಬರ ತೋಳೂ ನನ್ನ ತೊಡೆಯಷ್ಟು ದಪ್ಪ. ನಾಲ್ಕು ಮೂಲೆಯ ಗುಂಡಿಗಳೂ ಐದಡಿ ಆಳ ಎಂದು ಹೇಳಿ, ನಾನು ಉತ್ತರಪತ್ರಿಕೆ ತಿದ್ದಲು ಬೆಂಗಳೂರಿಗೆ ಹೋದೆ. ನಾಲ್ಕು ದಿನ.

ಬಂದು ನೋಡಿದರೆ ಮೂರು ಗುಂಡಿ ಐದಡಿ ಇದ್ದವು. ನಾಲ್ಕನೆಯದರೊಳಗಿಂದ ಮಾತು ಮಾತ್ರ ಕೇಳಿಸುತ್ತಿತ್ತು. ಬಗ್ಗಿದೆ. ಹನ್ನೊಂದಡಿ ಕೆಳಗೆ ಇಬ್ಬರೂ ಬೀಡಿ ಸೇದುತ್ತಾ ಕೂತಿದ್ದರು. ಮಣ್ಣು ಕುಸಿಯದ ಹಾಗೆ ಸುತ್ತ ಮರದ ಆಸರೆ ಕೊಟ್ಟಿದ್ದರು. ಇಳಿಯಲು ಏಣಿ ಇಟ್ಟಿದ್ದರು. ಕೆಲಸದಲ್ಲಿ ಒಂದು ತಪ್ಪು ಹುಡುಕಲು ಸಾಧ್ಯವಿರಲಿಲ್ಲ.

"ಐದಡಿ ಎಂದಿದ್ದೆನಲ್ಲ?"

"ಆಮಾ ಸಾರ್, ಐದಡೀನೇ," ಎಂದ ಒಬ್ಬ ತಮಿಳಿನಲ್ಲಿ ಶುರುಮಾಡಿ. "ನಿಲ್ಸೋಣಾಂತಲೇ ಇದ್ವಿ. ಗಣಿ ಅಳೇ ಕತೆ ಮಾತಾಡ್ತಾ ಮಾತಾಡ್ತಾ ಇಳ್ದು ಓಗ್ಬಿಟ್ವಿ."

"ಐದಡಿಗೆ ನಾವು ಯಾವತ್ತೂ ನಿಂತೋರೇ ಅಲ್ಲ ಸಾರ್," ಎಂದ ಇನ್ನೊಬ್ಬ. "ಐದಡಿಗೆ ನಿಲ್ಸಿದ್ರೆ ನಾಚಿಕೆ ಆಯ್ತದೆ."

ಗಣಿಯವರು ಬಂಗಾರಪೇಟೆಯಲ್ಲಿ ಹನ್ನೊಂದಡಿ ಇಳಿದಿದ್ದಾರೆ ಎಂದರೆ ಸುಮ್ಮನೆ ಇಳಿದಿರುವುದಿಲ್ಲ ಎಂದು ಬೀದಿ ತೀರ್ಮಾನಿಸಿತು. ಸಂಜೆಯೊಳಗೆ ಮಣ್ಣಿನ ಗುಡ್ಡೆ ಕರಗತೊಡಗಿತು. ಹಾಲಿನಾಕೆ ಬಕೆಟ್ಟು ತಂದಳು, ಕನಕಾಂಬರದ ಗಿಡಕ್ಕಂತೆ. ಪಕ್ಕದ ಮನೆಯ ಹಿರಿಯರು ತುಳಸಿಕಟ್ಟೆಗೆಂದು ಒಂದು ಬಾಂಡ್ಲಿ ಒಯ್ದರು. ಮರುದಿನ ಬೆಳಿಗ್ಗೆ ನೋಡುತ್ತೇನೆ, ಅವರು ತಾರಸಿಯ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ತಂದು, ಊಟದ ತಟ್ಟೆಯಲ್ಲಿ ಆ ಮಣ್ಣನ್ನು ನೀರು ಹಾಕಿ ಅಲ್ಲಾಡಿಸುತ್ತಿದ್ದರು. ನನ್ನನ್ನು ಕಂಡು ಹೇಳಿದರು:

"ತುಳಸಿಗೆ ಕಲ್ಲು ಇರಬಾರ್ದು ನೋಡಿ."

ಕಂಬ

ಕೆಳಗಿನ ಅಡಿಗೆಮನೆಗೆ ಮೋಲ್ಡ್ ಹಾಕಿದ್ದಾಯಿತು. ಇಪ್ಪತ್ತೊಂದು ದಿನವಾದ ಮೇಲೆ, ಕೆಳಗೆ ಆಸರೆ ಕೊಟ್ಟ ನೀಲಗಿರಿ ಕಂಬಗಳನ್ನು ಬಿಚ್ಚಲು ಮೇಸ್ತ್ರಿ ಬಂದ. ಮಾವ ಬೆಳಗಿನ ರೈಲಿಗೇ ಬಂದು, ಕಂಬಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಯಾರನ್ನ ಕೇಳಿ ತೆಗೀತಿದೀಯಲಾ?"

"ತೆಗೀಲೇಬೇಕು ತಾತ. ಮೋಲ್ಡ್ ಸೆಟ್ ಆಗೈತೆ."

"ಕೊಟ್ಟ ಕಂಬ ತೆಗೆಯೋದುಂಟೇನ್ಲಾ? ಮ್ಯಾಗಡೆ ಕಲ್ಲಿರೋವರ್ಗೂ ಕೆಳಗೆ ಮರ ಇರಬೇಕು. ಕಂಬ ತೆಗೆದೋರೆಲ್ಲಾ ಏನಾದ್ರು ಅಂತ ನಂಗೊತ್ತು."

"ಅದು ಮೈನು ತಾತ. ಇದು ಮನೆ."

"ತಲೆ ಎರಡು ಕಡೇನೂ ಒಂದೇ ಕಣ್ಲಾ."

ಮೇಸ್ತ್ರಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಕಂಬಗಳು ಉಳಿದವು. ಹೆಂಡತಿ ಅವುಗಳ ನಡುವೆಯೇ ಒಲೆ ಹೂಡಿದಳು. ಒಂದು ಕಂಬಕ್ಕೆ ಕೊತ್ತಂಬರಿ ಸೊಪ್ಪಿನ ಚೀಲ, ಇನ್ನೊಂದಕ್ಕೆ ಕೈ ಒರೆಸುವ ಬಟ್ಟೆ. ಸಾರು ಬಡಿಸಲು ಅವಳು ಬಳಸಿ ಬಳಸಿ ಬರುವುದನ್ನು ನೋಡಿದರೆ ಮೂರು ಸುತ್ತು ಪ್ರದಕ್ಷಿಣೆ ಹಾಕಿದ ಹಾಗೆ ಕಾಣುತ್ತಿತ್ತು. ಮಾವ ವಾರಕ್ಕೊಮ್ಮೆ ಬಂದು, ಕಬ್ಬಿಣದ ಸಲಾಕೆಯಿಂದ ಸೂರನ್ನು ತಟ್ಟಿ, ಕಿವಿಗೊಟ್ಟು ಕೇಳಿ, "ಇನ್ನೊಂದು ವಾರ" ಎನ್ನುತ್ತಿದ್ದರು.

ಎರಡು ತಿಂಗಳ ಮೇಲೆ ಒಪ್ಪಿದರು. ಆದರೆ ಕೊನೆಯ ಕಂಬ ಬಿಚ್ಚುವಾಗ ನಕ್ಷೆ ಬರೆದವರು ಕೆಳಗೆ ನಿಂತಿರಬೇಕು ಎಂದರು. ಗಣಿಯಲ್ಲಿ ಹಾಗೆ ಮಾಡಿಸುತ್ತಿದ್ದರೋ ಇಲ್ಲವೋ ತಿಳಿಯದು. ನಿಂತೆ. ವಿಜ್ಞಾನದ ಮೇಲೆ ನನಗಿರುವ ನಂಬಿಕೆ ಆಗಲೂ ಇತ್ತು, ಸ್ವಲ್ಪ ತೆಳ್ಳಗೆ. ಮೇಸ್ತ್ರಿ ಸುತ್ತಿಗೆ ಎತ್ತಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ "ಅಯ್ಯೋ, ಒಂದ್ನಿಮಿಷ!" ಎಂದು ಕೂಗಿ ಓಡಿ ಬಂದಳು.

ನನ್ನ ಪಕ್ಕದಲ್ಲಿದ್ದ ಮಿಕ್ಸಿಯನ್ನು ಎತ್ತಿಕೊಂಡು ಹೊರಗೆ ಹೋದಳು.

ಹದಿಮೂರು ಮೆಟ್ಟಿಲು

ಮಹಡಿ ರೂಮು ಮುಗಿಯಿತು. ಎಂಟೂವರೆ ಅಡಿಯಾದರೂ ಕಿಟಕಿ ದೊಡ್ಡದು. ಅಲ್ಲಿ ನಿಂತರೆ ತೆಂಗಿನ ಗರಿಗಳ ಮೇಲಿಂದ ದೂರದ ಬೆಟ್ಟಸಾಲು ಕಾಣುತ್ತಿತ್ತು. ಹೆಂಡತಿ ಮಂಚ ಹಾಕಿಸಿ, ಹೊಸ ಹೊದಿಕೆ ಹಾಸಿ, ಕಿಟಕಿಗೆ ತಾನೇ ಪರದೆ ಹೊಲಿದಳು. ಒಂದು ಭಾನುವಾರ ಮಾವ ಒಂದು ಟ್ರಂಕು, ಒಂದು ರೇಡಿಯೋ ಸಮೇತ ಬಂದಿಳಿದರು. ಎಲ್ಲರಿಗೂ ಪಾಯಸ.

ಮೆಟ್ಟಿಲ ಬುಡಕ್ಕೆ ಬಂದು ಅವರು ಮೇಲೆ ನೋಡಿದರು. ಪಂಚೆ ಎತ್ತಿ ಕಟ್ಟಿದರು. ಮೊದಲನೆಯದು ಹತ್ತಿದರು. ಎರಡನೆಯದಕ್ಕೆ ಕೈಯಿಂದ ಮಂಡಿ ಹಿಡಿದು ಎತ್ತಿಟ್ಟರು. ಮೂರನೆಯದರ ಮೇಲೆ ಕೂತುಬಿಟ್ಟರು. ಈ ಮನೆಯಲ್ಲಿ ನಾನು ಎಲ್ಲದರ ಅಳತೆ ತೆಗೆದುಕೊಂಡಿದ್ದೆ, ಅವರ ಹೆಜ್ಜೆಯದೊಂದನ್ನು ಬಿಟ್ಟು.

"ಕುರ್ಚೀಲಿ ಕೂರ್ಸಿ ನಾಲ್ಕು ಜನ ಎತ್ಕೊಂಡು ಓಗ್ಬಿಡೋಣ," ಎಂದರು ಪಕ್ಕದ ಮನೆಯವರು.

"ನಾಲ್ಕು ಜನ ಒತ್ಕೊಂಡು ಓಗೋ ದಿನ ಒಂದು ಬತ್ತೈತೆ ಸಾಮೀ," ಎಂದರು ಮಾವ. "ಇವತ್ತು ಪಾಯಸ ಮಾಡವ್ಳೆ ಮಗಳು."

ಮಂಡಿ ಸವರಿಕೊಳ್ಳುತ್ತಾ ನನ್ನ ಕಡೆ ತಿರುಗಿದರು.

"ಅಳಿಯಂದ್ರೇ, ದಿನಾ ಬೆಳಿಗ್ಗೆ ಸಾವಿರಾರು ಅಡಿ ಕೆಳಕ್ಕೆ ಲಿಫ್ಟ್ ಕೇಜಿನಲ್ಲಿ ಇಳಿಸಿ, ಸಾಯಂಕಾಲ ಮೇಲಕ್ಕೆ ತಂದು ಬಿಡ್ತಿದ್ರು. ಒಂದು ದಿನ ತಪ್ಪಿಲ್ಲ. ನಿಮ್ಮ ಕೈಲಿ ಅನ್ನೊಂದಡಿ ಆಗ್ಲಿಲ್ವಲ್ಲ."

ಮೆಟ್ಟಿಲು ಒಡೆದು ಸಲೀಸಾಗಿ ಕಟ್ಟಬಹುದೇ ಎಂದು ಮೇಸ್ತ್ರಿಗೆ ಫೋನ್ ಮಾಡಿದೆ. ಆ ಮೂಲೆಯಲ್ಲಿ ಇನ್ನು ಜಾಗವಿಲ್ಲ ಎಂದ. ಹಿಂದುಗಡೆ ಹಾಕಿದ್ದರೆ ಬೇಕಾದಷ್ಟಿತ್ತು, ಈಗ ಮೇಲಿನ ರೂಮಿಗೆ ಆ ಕಡೆ ಬಾಗಿಲಿಲ್ಲ, ಗೋಡೆಯಿದೆ ಎಂದ. ಕೆಳಗೆ ನಡುಮನೆಯಲ್ಲೇ ಮಂಚ ಹಾಕಿಕೊಡುತ್ತೇನೆ ಎಂದು ಹೆಂಡತಿ ಎಷ್ಟೋ ಹೇಳಿದಳು. ಕೆಳಗೆ ಇರುವುದಾದರೆ ನಮ್ಮ ಲೈನಿನಲ್ಲೇ ಇರುತ್ತೇನಮ್ಮ, ಅಲ್ಲಿ ಜೊತೆಗಾರರಾದರೂ ಇದ್ದಾರೆ ಎಂದರು ಮಾವ. ಟ್ರಂಕು ಬಿಚ್ಚಲೇ ಇಲ್ಲ. ಅವಳು ಅಡಿಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಅವು ಆಗಲೇ ತೊಳೆದಿದ್ದವು.

ಸಂಜೆಯ ರೈಲಿಗೆ ನಾನೇ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಗಾಡಿ ಆಚೆಯ ಪ್ಲಾಟ್‌ಫಾರ್ಮಿಗೆ ಬರುತ್ತದೆಂದರು. ನಾನು ಅವರ ಮಂಡಿ ನೋಡಿದೆ. ಮೇಲ್ಸೇತುವೆ ಹತ್ತಬೇಕು. ಟ್ರಂಕು ಹೊತ್ತುಕೊಂಡು ನಾನು, ರೇಡಿಯೋ ಹಿಡಿದುಕೊಂಡು ಅವರು. ಪಕ್ಕದ ಕಂಬಿ ಹಿಡಿದು ಅವರು ಹತ್ತಲು ಶುರುಮಾಡಿದರು. ನಿಧಾನ, ಆದರೆ ನಿಲ್ಲಲಿಲ್ಲ. ನಾನು ಹಿಂದಿನಿಂದ ಎಣಿಸಿದೆ. ನಲವತ್ತೆರಡು, ಒಂದೊಂದೂ ಆರೇ ಇಂಚು. ಮೇಲೆ ತಲುಪಿದಾಗ ಏದುಸಿರು ಬಿಡುತ್ತಿದ್ದವನು ನಾನು.

ಮಾವ ಸೇತುವೆಯ ನಡುವೆ ನಿಂತರು. ಕೆಳಗೆ ಹಳಿಗಳು, ಊರಿನ ತಾರಸಿಗಳು, ಆಚೆ ಬೆಟ್ಟ, ಅದರ ಹಿಂದೆ ಇಳಿಯುತ್ತಿದ್ದ ಸೂರ್ಯ. ಗಾಳಿ ಚೆನ್ನಾಗಿ ಬೀಸುತ್ತಿತ್ತು. ಎಲ್ಲವನ್ನೂ ಒಂದು ಸುತ್ತು ನೋಡಿ ಅವರು ಮನಸಾರೆ ಹೇಳಿದರು:

"ಆ ರೂಮು ನೀವು ಇಲ್ಲೇ ಕಟ್ಟಿಸಬೋದಿತ್ತು ಅಳಿಯಂದ್ರೇ."