ಮುನ್ನೂರೈವತ್ತನೆಯ ಆಪರೇಷನ್

ಆ ಬೆಳಿಗ್ಗೆ ವೆಂಡೆಲ್ ಕ್ರೌಸ್ ಒಂದು ಡಬ್ಬಿ ಡೋನಟ್ ತರದೆ ಬಂದಿದ್ದರೆ ಹತ್ತು ಗಂಟೆಗೇ ಗೆದ್ದುಬಿಡುತ್ತಿದ್ದ.

ಟೊಲೀಡೊದ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಸರ್ಜನ್‌ಗಳ ಕೈಗೆ ಕತ್ತರಿ ಕೊಟ್ಟವನು ಅವನು. ಈಗ ಸರ್ಟಿಫಿಕೇಟ್ ಇರುವ ಸರ್ಜಿಕಲ್ ಅಸಿಸ್ಟೆಂಟ್ ಆಗಬೇಕು. ಡಿಗ್ರಿ ಆಗಿತ್ತು, ತರಬೇತಿಯೂ ಆಗಿತ್ತು. ಆದರೆ ಪರೀಕ್ಷೆಗೆ ಕೂರಲು ಮುನ್ನೂರೈವತ್ತು ಆಪರೇಷನ್‌ಗಳಲ್ಲಿ ಸರ್ಜನ್‌ಗೆ ನೆರವಾಗಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡಿರಬೇಕು. ಅವನದು ಒಂದು ಕಡಿಮೆ. ಅಂದೇ ಸಂಜೆ ಐದಕ್ಕೆ ಗಡುವು. ತಪ್ಪಿದರೆ ಇನ್ನೊಂದು ವರ್ಷ. ಹೆದರಿಕೆಗೆ ಹೊಟ್ಟೆ ಹಿಂಡುತ್ತಿತ್ತು.

ಸಹೋದ್ಯೋಗಿ ಲೋರ್ನಾಳಿಗೂ ಒಂದೇ ಕಡಿಮೆ. "ಯಾಕೋ ಹಿಂಗೆ ಬೆವರ್ತಿದ್ದೀಯ? ಆಗಲ್ಲ ಅಂದ್ರೆ ಹೇಳು, ಒಂಬತ್ತರ ಆಪರೇಷನ್‌ಗೆ ನಾನು ನಿಲ್ತೀನಿ."

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ!"

"ಬರೀ ಪುಕ್ಕಲುತನ ಕಣೇ, ಶುಂಠಿ ಸೋಡಾ ಕುಡಿದ್ರೆ ಸರಿಹೋಗ್ತಾನೆ," ಎಂದಳು ಹಿರಿಯ ನರ್ಸ್ ಬರ್ನಡೀನ್. ಎಲ್ಲರನ್ನೂ ಖುಷಿಯಾಗಿಡಲು ಅವನು ತಂದಿದ್ದ ಡಬ್ಬಿಯನ್ನು ಅವಳು ರೋಗಿಗಳು ಕೂರುವ ಕಡೆ ಮೇಜಿನ ಮೇಲಿಟ್ಟಳು. ಒಂಬತ್ತಕ್ಕೆ ಪಿತ್ತಕೋಶದ ಆಪರೇಷನ್ ಆಗಬೇಕಿದ್ದ ಮುದುಕ, ಖಾಲಿ ಹೊಟ್ಟೆಯಲ್ಲಿರಬೇಕಾದವನು, ಮೂರು ಡೋನಟ್ ಮುಗಿಸಿ ಬೆರಳು ನೆಕ್ಕುತ್ತಿದ್ದ.

ಡಾಕ್ಟರ್ ಹೇವರ್ಟಿ ಆಪರೇಷನ್ ಮರುದಿನಕ್ಕೆ ಹಾಕಿ ಗುಡುಗಿದರು: "ಇದನ್ನ ತಂದ ಮಹಾನುಭಾವ ಯಾರು?"

ವೆಂಡೆಲ್ ಗೋಡೆ ನೋಡಿದ.

"ಹೋಗ್ಲಿ, ತುರ್ತು ಕೇಸ್ ಬಂದ್ರೆ ನೀನೇ ನಿಲ್ಲು," ಎಂದರು ಡಾಕ್ಟರ್ ಅವನತ್ತ ತಿರುಗಿ.

ಹನ್ನೊಂದಾಯಿತು, ಹನ್ನೆರಡಾಯಿತು. ಒಬ್ಬರೂ ಬರಲಿಲ್ಲ. ಹೊಟ್ಟೆ ಹಿಂಡುವ ನೋವು ಬಲಗಡೆಗೆ ಇಳಿದು ಕೂತಿತು. ಹೇಳಿದರೆ ಲೋರ್ನಾ ಜಾಗ ಕಸಿದುಕೊಳ್ಳುತ್ತಾಳೆ. ಅವನು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಕಣ್ಣು ಮುಚ್ಚಿದ. "ದೇವರೇ, ಯಾರದ್ದಾದರೂ ಸರಿ, ಒಂದು ಅಪೆಂಡಿಕ್ಸ್ ಕಳಿಸಪ್ಪ!" ಕೇಳಿದ ಮೇಲೆ ತನ್ನ ಮೇಲೇ ಅಸಹ್ಯವೆನಿಸಿತು. ಆದರೂ ಬೇಡವೆನ್ನಲಿಲ್ಲ.

ಒಂದು ಗಂಟೆಗೆ ಲೋರ್ನಾಳ ಕಾಲ ಬಳಿಯೇ ದೊಪ್ಪನೆ ಬಿದ್ದ.

ಕಣ್ಣು ಬಿಟ್ಟಾಗ ಹಾಸಿಗೆಯ ಮೇಲಿದ್ದ. "ಗಂಟೆ ಎಷ್ಟು?"

"ನಾಲ್ಕೂವರೆ," ಎಂದರು ಡಾಕ್ಟರ್. "ಸುಮ್ನೆ ಮಲಗು. ಇನ್ನೊಂದು ಗಂಟೆ ಬಿಟ್ಟಿದ್ರೆ ಒಡೆದೇ ಹೋಗ್ತಿತ್ತು."

"ಇನ್ನೂ ಅರ್ಧ ಗಂಟೆ ಇದೆ ಡಾಕ್ಟ್ರೇ! ತುರ್ತು ಕೇಸ್ ಏನಾದ್ರೂ ಬಂತಾ?"

"ಬಂತಲ್ಲ, ಅಪೆಂಡಿಕ್ಸು. ಸಹಿನೂ ಹಾಕಿದೆ."

ಲೋರ್ನಾ ಒದ್ದೆಗಣ್ಣಲ್ಲಿ ಅವನ ಕೈ ಹಿಡಿದು ತನ್ನ ಪುಸ್ತಕ ತೋರಿಸಿದಳು. ಮುನ್ನೂರೈವತ್ತನೆಯ ಸಾಲು ತುಂಬಿತ್ತು.

"ನಿನ್ನ ಉಪಕಾರ ಸಾಯೋವರ್ಗೂ ಮರೆಯಲ್ಲ ಕಣೋ," ಎಂದಳು.