ಕುರ್ಚಿ ಒಯ್ಯುವ ಗಾಡಿ

"ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಫೋನ್ ಹಿಡಿದು ಯಾರ ಹತ್ತಿರವೂ ಗೋಗರೆಯೋ ಹಾಗಿಲ್ಲ!" ಎಂದು ಫರ್ಗಸ್ ಟ್ವೀಡಿ ಟೋಸ್ಟಿಗೆ ವೆಜಿಮೈಟ್ ಸವರುತ್ತಾ ಘೋಷಿಸಿದ. "ಒಂದು ಮಾತು ಹೇಳಿದರೆ ಸಾಕು, ಎಲ್ಲಾ ತಾನೇ ಆಗುತ್ತೆ!"

ಹಾಗೆ ಘೋಷಿಸಲು ಅವನಿಗೆ ಅಧಿಕಾರವಿತ್ತು. ಬ್ಯಾಲರಾಟ್‌ನ ತನ್ನ ಮನೆಯಲ್ಲೇ ಕೂತು ಮೆಲ್ಬರ್ನಿನ ಕಂಪನಿಗೆ ಅವನು ಮಾಡುತ್ತಿದ್ದ ಕೆಲಸವೇ ಅದು. ಎಐ ಸಹಾಯಕನ ಕೈಗೆ ಕೊಡುವ ಒಂದೊಂದು ಟೂಲ್‌ಗೂ, ಅಂದರೆ ಗಾಡಿ ಕರೆಸುವುದೋ ಸಾಮಾನು ತರಿಸುವುದೋ ಅಂಥ ಒಂದೊಂದು ಕೆಲಸದ ಸಲಕರಣೆಗೂ, ವಿವರಣೆ ಬರೆಯುವುದು. ಪಾಪ, ಸಹಾಯಕನಿಗೆ ಕಣ್ಣಿಲ್ಲ. ವಿವರಣೆಯಲ್ಲಿ ಬರೆದಿದ್ದೇ ಅದರ ಪ್ರಪಂಚ. ಹಾಗಾಗಿ ಫರ್ಗಸ್ ಆಫೀಸಿನ ಮಟ್ಟಿಗೆ ಮಹಾ ಕಟುಕ. "ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಬಳಸಿದ ಮೇಲೆ ಏನಾಗುತ್ತೆ, ಮೂರೂ ಬರೀರಿ! ಒಂದೇ ಸಾಲು ಗೀಚಿ ತರಬೇಡಿ!" ಎಂದು ಸಹೋದ್ಯೋಗಿಗಳ ಜೀವ ತಿನ್ನುತ್ತಿದ್ದ.

ಸ್ವಂತ ಮನೆಯ ಸಹಾಯಕನಿಗೂ ಒಂದು ಭಾನುವಾರ ಹನ್ನೊಂದು ಟೂಲ್ ಜೋಡಿಸಿದ. ಅವತ್ತು ಟಿವಿಯಲ್ಲಿ ಫೂಟಿ ಪಂದ್ಯ ಇತ್ತು. ಹನ್ನೊಂದರ ವಿವರಣೆಯೂ ಹಾಫ್‌ಟೈಮ್‌ನಲ್ಲೇ ಮುಗಿಯಿತು.

ಮನೆಯಲ್ಲಿ ಮಾವ ಮರ್ವಿನ್ ಇದ್ದರು. ಎಂಬತ್ತನಾಲ್ಕು ವಯಸ್ಸು, ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ನಲವತ್ತು ವರ್ಷ ದುಡಿದವರು. ಚಳಿಗಾಲ ಶುರುವಾದ ಮೇಲೆ ಅಡುಗೆಮನೆಯಲ್ಲಿ ಎರಡು ಸಲ ಬಿದ್ದಿದ್ದರು. ಗುರುವಾರ ಅವರು ವೃದ್ಧಾಶ್ರಮಕ್ಕೆ ಹೋಗಬೇಕಿತ್ತು. "ಎರಡು ವಾರ ಇದ್ದು ನೋಡಪ್ಪಾ, ಅಷ್ಟೇ" ಎಂದು ಅವರ ಮಗಳು, ಫರ್ಗಸ್‌ನ ಹೆಂಡತಿ ಬ್ರಾನ್ವಿನ್ ಒಪ್ಪಿಸಿದ್ದಳು. ಎರಡು ವಾರ ಎಂಬುದು ಶುದ್ಧ ಸುಳ್ಳು. ಕೊನೆಯವರೆಗೂ ಅಲ್ಲೇ ಎಂಬ ಕಾಗದಕ್ಕೆ ಸಹಿ ಬಿದ್ದಾಗಿತ್ತು. ಅದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಮುದುಕರು ಹಾಕಿದ್ದು ಒಂದೇ ಷರತ್ತು. "ಡಾಟ್ ಕುರ್ಚಿ ನನಗಿಂತ ಮುಂಚೆ ಅಲ್ಲಿರಬೇಕು. ಅದಿಲ್ಲದೆ ನಾನು ಕಾಲಿಡಲ್ಲ." ಡಾಟ್ ಅವರ ಹೆಂಡತಿ. ಆ ಹಸಿರು ಕುರ್ಚಿಯಲ್ಲೇ ಕೂತು ಮಗಳಿಗೆ ಹಾಲೂಡಿಸಿದವಳು, ಆರು ವರ್ಷದ ಹಿಂದೆ ಅದರಲ್ಲೇ ಕೂತು ಕಣ್ಣು ಮುಚ್ಚಿದವಳು.

"ಅಮ್ಮನ ಕುರ್ಚಿ, ಅದರ ಪಕ್ಕ ನಿಲ್ಲಿಸೋ ದೀಪದ ಕಂಬ. ಬುಧವಾರ ಬೆಳಿಗ್ಗೆ ಒಯ್ಯೋಕೆ ಗಾಡಿ ಗೊತ್ತು ಮಾಡು" ಎಂದಳು ಬ್ರಾನ್ವಿನ್ ಸಹಾಯಕನಿಗೆ.

"ಆಯಿತು. ಎಂಟು ಗಂಟೆಗೆ ಗಾಡಿ ಬರುತ್ತದೆ. ಮನೆ ಮುಂದಿನ ಹುಲ್ಲಿನ ಮೇಲೆ ಇಡಿ" ಎಂದಿತು ಅದು. ಎಲ್ಲಿಗೆ ಎಂದು ಅದು ಕೇಳಲಿಲ್ಲ. ಗಂಡ ವಿಳಾಸವನ್ನೂ ತುಂಬಿಸಿಟ್ಟಿರುತ್ತಾನೆ ಎಂದುಕೊಂಡು ಇವಳೂ ಹೇಳಲಿಲ್ಲ.

ಬುಧವಾರ ಗಂಡ ಹೆಂಡತಿ ಏದುಸಿರು ಬಿಡುತ್ತಾ ಕುರ್ಚಿಯನ್ನು ಹೊರಗಿಟ್ಟರು. ಏಳೂಮುಕ್ಕಾಲಿಗೆ ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡು ಬಂದ ಹೆಂಗಸೊಬ್ಬಳು ದೀಪದ ಕಂಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು!

"ಫರ್ಗ್! ಕಳ್ಳಿ! ಓಡು!"

ಫರ್ಗಸ್ ಚಪ್ಪಲಿಯಲ್ಲೇ ಓಡಿದ. ತಿರುವಿನಲ್ಲಿ ಸಿಕ್ಕಳು.

"ಇದು ಉರಿಯುತ್ತಾ?" ಎಂದು ಅವಳೇ ಕೇಳಿದಳು.

"ಉರಿಯುತ್ತೆ! ಅದು ನಮ್ದು!"

"ಹುಲ್ಲಿನ ಮೇಲೆ ಇಟ್ಟಿದ್ರಲ್ಲ? ಬೇಡ ಅಂತ ತಾನೇ ಇಡೋದು? ನೋಡಿ, ಕಸದ ಗಾಡೀನೂ ಬಂತು."

ಅವನು ತಿರುಗಿ ನೋಡಿದ. ದೊಡ್ಡ ಸಾಮಾನಿನ ಕಸ ಎತ್ತುವ ನಗರ ಕೌನ್ಸಿಲ್ಲಿನ ಲಾರಿ ಅವನ ಮನೆ ಮುಂದೆಯೇ ನಿಂತಿತ್ತು. ಕಂಬ ಕಸಿದುಕೊಂಡು ಓಡಿ ಬರುವಷ್ಟರಲ್ಲಿ ಹಸಿರು ಕುರ್ಚಿ ಲಾರಿಯ ಹಿಂಬಾಯಿಗೆ ಬಿದ್ದಾಗಿತ್ತು. ಮರ ಮುರಿಯುವ ಸದ್ದು ಬೀದಿಗೆಲ್ಲ ಕೇಳಿಸಿತು. ಬ್ರಾನ್ವಿನ್ ಗೇಟು ಹಿಡಿದುಕೊಂಡು ಕಿರುಚುತ್ತಿದ್ದಳು.

"ಬುಕಿಂಗ್ ಇದೆ ಮೇಟ್" ಎಂದ ಲಾರಿಯವನು, ಕೈಲಿದ್ದ ಪಟ್ಟಿ ನೋಡಿ. "ಒಂದು ಕುರ್ಚಿ, ಒಂದು ದೀಪದ ಕಂಬ. ಎಲ್ಲಿ, ಅದನ್ನೂ ಕೊಡಿ ಇತ್ಲಾಗೆ."

ಒಳಗೆ ಕಂಪ್ಯೂಟರ್ ತೆರೆದರೆ ಗುಟ್ಟು ರಟ್ಟಾಯಿತು. ಸಾಮಾನು ಸಾಗಿಸುವ ವ್ಯಾನಿನ ಟೂಲ್ ಒಂದು, ಕೌನ್ಸಿಲ್ ಕಸದ್ದು ಇನ್ನೊಂದು. ಎರಡರ ಮುಂದೆಯೂ ಪಂಡಿತ ಫರ್ಗಸ್ ಬರೆದದ್ದು ಒಂದೇ: 'ದೊಡ್ಡ ಸಾಮಾನನ್ನು ಮನೆಯಿಂದ ಒಯ್ಯುತ್ತದೆ.' ಯಾವುದು ಬೇಗ ಬರುತ್ತದೋ ಅದನ್ನು ಸಹಾಯಕ ಆರಿಸಿಕೊಂಡಿತ್ತು. ಅದರದ್ದೇನೂ ತಪ್ಪಿರಲಿಲ್ಲ.

"ಒಂದು ಸಾಗಿಸುತ್ತೆ, ಒಂದು ಜಜ್ಜುತ್ತೆ. ಎರಡಕ್ಕೂ ಇದೇನಾ ವಿವರಣೆ?" ಎಂದು ಬ್ರಾನ್ವಿನ್ ಸಿಡಿದಳು.

"ಹಾಫ್‌ಟೈಮ್ ಇಪ್ಪತ್ತೇ ನಿಮಿಷ ಇತ್ತು ಕಣೇ..."

"ಊರೋರಿಗೆಲ್ಲ ಪಾಠ ಹೇಳ್ತೀಯ! ನಮ್ಮಮ್ಮನ ಕುರ್ಚಿ ಕಣೋ ಅದು!"

ಫರ್ಗಸ್‌ಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಾಡಲು ಬೇರೇನೂ ತೋಚದೆ ವಿವರಣೆ ತಿದ್ದಲು ಕೂತ. ಜಗುಲಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ಮರ್ವಿನ್ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಏನು ಬರೀತಿದೀಯ? ಓದು."

"ಮರ್ವ್, ನಿಮ್ಮ ಮುಂದೆ ನಾನು ಹೇಗೆ..."

"ಓದು ಅಂದೆ."

ಫರ್ಗಸ್ ಓದಿದ. "ಮನೆಯವರಿಗೆ ಇನ್ನು ಬೇಡವಾದದ್ದಕ್ಕೆ ಮಾತ್ರ ಈ ಗಾಡಿ. ಒಯ್ದದ್ದು ಮತ್ತೆ ಹಿಂದಕ್ಕೆ ಬರುವುದಿಲ್ಲ. ಕಳಿಸುವ ಮೊದಲು ಕೇಳಿ ಒಪ್ಪಿಗೆ ಪಡೆಯಬೇಕು."

"ಚೆನ್ನಾಗಿದೆ" ಎಂದು ಮುದುಕರು ತಲೆದೂಗಿದರು. "ಯಾರಿಗಾದ್ರೂ ಅರ್ಥ ಆಗುತ್ತೆ. ಈಗ ನಾಳೆ ನನ್ನನ್ನ ಒಯ್ಯೋಕೆ ಬರ್ತಿರೋ ಗಾಡಿದು ಓದು."

ಫರ್ಗಸ್ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು.

"ಮೂರು ಸಾಲು ಬೇಡಪ್ಪ" ಎಂದರು ಮರ್ವಿನ್. "ನನಗೆ ಆ ನಡುವಿನ ಸಾಲು ಒಂದೇ ಸಾಕು, ಒಯ್ದದ್ದು ಹಿಂದಕ್ಕೆ ಬರುತ್ತೋ ಇಲ್ವೋ ಅನ್ನೋದು."